ಮುಖಕ್ಕೆ ಮೌನ, ಮೊಣಕೈಗೆ ಮಾತು

ಕರ್, ಕರ್, ಕರ್.

ಅಂಗಡಿಗೆ ಇಲಿ ಹೊಕ್ಕಿದೆಯೆಂದು ಮಾಲೀಕರು ಬೋನು ತರಿಸಿದರು. ಮೂರು ದಿನ ಬೋನು ಖಾಲಿಯಿತ್ತು, ಸದ್ದು ಮಾತ್ರ ನಿಲ್ಲಲಿಲ್ಲ. ನಾಲ್ಕನೆಯ ದಿನ ಅವರು ಕಪಾಟಿನ ಹಿಂದೆ ಇಣುಕಿದಾಗ ಸಿಕ್ಕಿಬಿದ್ದವನು ನಾನು, ಬಲಗೆನ್ನೆ ಕೆರೆದುಕೊಳ್ಳುತ್ತಾ.

ಬೇರೆ ಅಂಗಡಿಯಾಗಿದ್ದರೆ ಕ್ಷಮೆಯಿತ್ತೇನೋ. ನಾನು ಮಾರುವುದು ಮುಖಕ್ಕೆ ಹಚ್ಚುವ ಕ್ರೀಮು. ಹನ್ನೊಂದು ವರ್ಷ ‘ಒಂದೇ ವಾರದಲ್ಲಿ ಕಾಂತಿ’ ಎಂಬ ಮಹಾವಾಕ್ಯವನ್ನು ಪಠಿಸಿದವನ ಕೆನ್ನೆಯ ಮೇಲೆ ಈಗ ಭೂಪಟದಂಥ ಕೆಂಪು ದದ್ದು. (ಎಡಗೆನ್ನೆಯಲ್ಲಿ ಎರಡು ದ್ವೀಪಗಳೂ ಇದ್ದವು.)

“ಡಬ್ಬಿ ತಗೊಂಡೋರು ನಿನ್ನ ಮುಖ ನೋಡಿ ವಾಪಸ್ ಇಡ್ತಿದ್ದಾರೆ ಕಣಯ್ಯ,” ಎಂದರು ಮಾಲೀಕರು. “ಹದಿನೈದು ದಿನ ಕೊಡ್ತೀನಿ. ವಾಸಿಯಾಗ್ಲಿಲ್ಲ ಅಂದ್ರೆ ಗೋದಾಮಿಗೆ ಹೋಗು. ಪೆಟ್ಟಿಗೆಗಳು ಯಾರ ಮುಖಾನೂ ನೋಡಲ್ಲ.”

ಗೋದಾಮೆಂದರೆ ಅಂಗಡಿಯ ಹಿಂದಿನ ಕಿಟಕಿಯಿಲ್ಲದ ಕೋಣೆ. ಮಾತನ್ನೇ ನಂಬಿ ಬದುಕಿದ ನನ್ನಂಥವನಿಗೆ ವನವಾಸ.

ಚರ್ಮದ ಡಾಕ್ಟರಮ್ಮ ಭೂತಗನ್ನಡಿ ಹಿಡಿದು ನೋಡಿದರು. “ಇದು ಅಂಟುರೋಗ ಅಲ್ಲ. ಮನಸ್ಸಿನ ಒತ್ತಡ ಹೆಚ್ಚಾದ್ರೆ ಕೆಲವರಿಗೆ ಚರ್ಮದ ಮೇಲೆ ಕಾಣಿಸ್ಕೊಳ್ಳುತ್ತೆ. ಮುಲಾಮು ಕೊಡ್ತೀನಿ. ಮನೇಲಿ ನೆಮ್ಮದಿ ಇದೆಯಾ?”

ನಾನು ಪಕ್ಕದಲ್ಲಿದ್ದ ಹೆಂಡತಿಯತ್ತ ನೋಡಿದೆ. ನೋಡಬಾರದಿತ್ತು.

“ನನ್ನ ಯಾಕ್ರೀ ನೋಡ್ತೀರಾ?”

“ಗಡಿಯಾರ ನೋಡಿದೆ ಕಣೆ.”

“ಗಡಿಯಾರ ಆ ಕಡೆ ಗೋಡೇಲಿದೆ.”

ಮನೆಯ ಬೀಗ ತೆಗೆಯುತ್ತಾ ಅವಳು ಘೋಷಿಸಿದಳು: “ಇವತ್ತಿಂದ ನಿಮಗೆ ಒಂದು ಮಾತೂ ಅನ್ನಲ್ಲ. ಮೊದಲು ಕೆನ್ನೆ ವಾಸಿಯಾಗ್ಲಿ.”

ಅಂದಂತೆಯೇ ನಡೆದುಕೊಂಡಳು. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದೆ; ತುಟಿ ಬಿಗಿದು ಒಣಹಾಕಿದಳು. ನಲ್ಲಿ ತಿರುಗಿಸಿ ಬಿಟ್ಟುಬಂದೆ, ಹೋಗಿ ನಿಲ್ಲಿಸಿದಳು. ಉಪ್ಪು ತರಲು ಹೋಗಿ ಸಕ್ಕರೆ ತಂದೆ. “ಬಿಳೀದೇ ತಂದಿದ್ದೀರಲ್ಲ, ಸಂತೋಷ,” ಎಂದಳು. (ನಾಚಿಕೆಯಿಂದಲೇ ಹೇಳುತ್ತೇನೆ, ಆಮೇಲಾಮೇಲೆ ಬೇಕೆಂದೇ ಮಾಡುತ್ತಿದ್ದೆ.) ಭೂಪಟದ ದೇಶಗಳು ಒಂದೊಂದಾಗಿ ಅಳಿಸಿಹೋದವು. ಹನ್ನೆರಡನೆಯ ದಿನ ಕನ್ನಡಿಯಲ್ಲಿ ಮದುಮಗನ ಮುಖ!

ಶಿಳ್ಳೆ ಹಾಕುತ್ತಾ ಬೂಟಿನ ದಾರ ಕಟ್ಟುತ್ತಿದ್ದೆ. ಅಡುಗೆಮನೆಯಿಂದ ಕೇಳಿಸಿತು: ಕರ್, ಕರ್, ಕರ್.

ಇಲಿಯಲ್ಲ. ಹೆಂಡತಿ ಮೊಣಕೈ ಕೆರೆದುಕೊಳ್ಳುತ್ತಿದ್ದಳು. ಅಲ್ಲಿ ನನ್ನದೇ ಭೂಪಟ, ದ್ವೀಪಗಳ ಸಮೇತ. ನನ್ನ ಕೆನ್ನೆ ಉಳಿಸಲು ತನ್ನ ಮೊಣಕೈ ಕೊಟ್ಟಿದ್ದಳು, ಅದನ್ನೂ ಬಾಯಿಬಿಟ್ಟು ಹೇಳದೆ. ನನ್ನ ಶಿಳ್ಳೆ ತುಟಿಯಲ್ಲೇ ಆರಿಹೋಯಿತು.

“ಏನಾದ್ರೂ ಒಳಗೇ ಅದುಮಿಟ್ಟಿದ್ದೀರಾ?” ಡಾಕ್ಟರಮ್ಮ ಅವಳನ್ನು ಕೇಳಿದರು.

“ಹನ್ನೆರಡು ದಿನದ್ದು.”

“ಎಲ್ಲಾ ಹೊರಗೆ ಹಾಕಿಬಿಡಿ. ಮುಲಾಮಿನ ಜೊತೆ ದಿನಕ್ಕೆ ಎರಡು ಸಲ, ಊಟ ಆದ್ಮೇಲೆ. ಇವರು ಎದುರಾಡಬಾರದು.”

“ನನ್ನ ಕೆನ್ನೆ ಗತಿ?” ಎಂದೆ.

“ಈ ಕಿವೀಲಿ ಕೇಳಿ ಆ ಕಿವೀಲಿ ಬಿಡಿ. ಅಭ್ಯಾಸ ಇರ್ಬೇಕಲ್ಲ?”

ಮಧ್ಯಾಹ್ನದ ಊಟ ನನಗೆ ಅಂಗಡಿಯಲ್ಲೇ. ಹಾಗಾಗಿ ಮಧ್ಯಾಹ್ನದ ಔಷಧಿಯೂ ಅಂಗಡಿಗೇ ಬಂತು. ನನ್ನ ಊಟದ ಡಬ್ಬಿ ಖಾಲಿಯಾಗುವುದೇ ತಡ, ಹೆಂಡತಿ ಕೌಂಟರಿಗೆ ಕೈಯೂರಿ ಶುರು: “ಒಂದನೇ ದಿನ, ಟವೆಲು!” ಗಿರಾಕಿಗಳು ಸುತ್ತುವರಿದರು. ವಾರದಲ್ಲಿ ಅವಳ ಮೊಣಕೈ ನುಣುಪಾಯಿತು. ಮುಖವೋ, ಬೆಳಗಿನ ಬಿಸಿಲು ಬಿದ್ದ ನೀರಿನ ಹಾಗೆ!

“ಅಕ್ಕಾ, ನೀವು ಯಾವ ಕ್ರೀಮು ಹಚ್ತೀರಿ?” ಗಿರಾಕಿಯೊಬ್ಬಳು ಕೇಳಿದಳು.

“ಯಾವುದಾದ್ರೂ ಹಚ್ಚಿಕೊಳ್ಳಿ. ಹಚ್ಚೋವಾಗ ಗಂಡನ್ನ ಮಾತ್ರ ಎದುರಿಗೆ ನಿಲ್ಲಿಸ್ಕೊಳ್ಳಿ.”

ಅಂಗಡಿ ತುಂಬ ನಗು. ಕಪಾಟು ಖಾಲಿಯಾಯಿತು. ಮಾಲೀಕರು ಕೈಮುಗಿದರು: “ನಾಳೆಯಿಂದ ಕೌಂಟರಿಗೆ ನೀವೇ ಬನ್ನಿ ತಾಯಿ.” ಆಮೇಲೆ, ತೊಳೆದಿಟ್ಟ ತಟ್ಟೆಯಂತೆ ಹೊಳೆಯುತ್ತಿದ್ದ ನನ್ನ ಮುಖ ನೋಡಿ ಗಂಟಲು ಸರಿಮಾಡಿಕೊಂಡರು. “ನೀನು...”

ಅವರಿಗೆ ಕಷ್ಟ ಕೊಡಲಿಲ್ಲ. ಮೊಳೆಗೆ ನೇತಾಡುತ್ತಿದ್ದ ಗೋದಾಮಿನ ಬೀಗದ ಕೈಯನ್ನು ನಾನೇ ತೆಗೆದುಕೊಂಡೆ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಎಷ್ಟು ನಿಶ್ಶಬ್ದ! ಕೆನ್ನೆಗೆ ಎಷ್ಟು ಒಳ್ಳೆಯದು!

“ರೀ, ಎಲ್ಲಿಗೆ ಹೊರಟ್ರಿ? ಇನ್ನೂ ಏಳನೇ ದಿನದಲ್ಲಿದ್ದೀನಿ. ಆ ಸಕ್ಕರೆ ಪೊಟ್ಟಣ ನೀವು ಬೇಕೂಂತಲೇ...”

ನಾನಾಗಲೇ ಹಿಂಬಾಗಿಲು ದಾಟಿದ್ದೆ.