ಒಂದೇ ಸಲ ಕೇಳಿ

ಓದುಗರೊಬ್ಬರಿಗೆ ಕೊಟ್ಟ ಎರಡು ಸಾಲಿನ ಉತ್ತರ ಕಲ್ಲಣ್ಣನನ್ನು ಮುಳುಗಿಸಿತು.

ಗದಗಿನ ಒಂದು ವಾರಪತ್ರಿಕೆಯಲ್ಲಿ ಅವನು ಕರಡು ತಿದ್ದುವವನು. ಪುಟ ತುಂಬದ ಒಂದು ವಾರ ಸಂಪಾದಕ ಬಾಬಣ್ಣ ‘ಮನೆಗೆ ಬಂದವರು’ ಎಂಬ ಅಂಕಣವನ್ನು ಅವನ ಕೊರಳಿಗೆ ಕಟ್ಟಿದ್ದರು. ಬರೆಯುವವಳ ಹೆಸರು ಸೌ. ಚಂದ್ರವ್ವ. ಈ ಚಂದ್ರವ್ವನಿಗೆ ಮೀಸೆಯಿತ್ತು, ಬೆಟಗೇರಿಯಲ್ಲಿ ಎರಡು ಖೋಲಿಯ ಬಾಡಿಗೆ ಮನೆಯಿತ್ತು, ಮದುವೆಯಾಗಿರಲಿಲ್ಲ. ಪಾನಕಕ್ಕೆ ಬೆಲ್ಲ ಎಷ್ಟು, ಮಜ್ಜಿಗೆಗೆ ಒಗ್ಗರಣೆ ಯಾವಾಗ ಎಂದು ಓದುಗರು ಕೇಳುತ್ತಿದ್ದರು. ನೀರು ಕಾಸಲು ಹೋಗಿ ಪಾತ್ರೆ ಸುಟ್ಟವನು ಉತ್ತರ ಬರೆಯುತ್ತಿದ್ದ. ಸರಕಾರ ನಿಷೇಧಿಸಿದ ಪಾನೀಯವನ್ನೇ ಬೀಗರು ಕೇಳಿದರೆ ಏನು ಮಾಡಲಿ ಎಂದು ಶಿರಹಟ್ಟಿಯವರೊಬ್ಬರು ಬರೆದಾಗ, ‘ಪಾನಕ ಕೊಡಿ, ಪೊಲೀಸ್ ಠಾಣೆಯ ದಾರಿ ತೋರಿಸಿ’ ಎಂದು ಬರೆದು ಭೇಷ್ ಅನ್ನಿಸಿಕೊಂಡಿದ್ದ.

ಹೋದ ವಾರ ಲಕ್ಕುಂಡಿಯಿಂದ ಪ್ರಶ್ನೆ ಬಂತು: ಚಹಾ ಬೇಡ ಎನ್ನುವ ಅತಿಥಿಯನ್ನು ಎಷ್ಟು ಸಲ ಒತ್ತಾಯಿಸಬೇಕು? ಚಂದ್ರವ್ವ ಉತ್ತರಿಸಿದಳು: ‘ಒಂದೇ ಸಲ ಕೇಳಿ. ಬೇಡ ಎಂದರೆ ಬಿಡಿ, ಸ್ವತಂತ್ರ ದೇಶದಲ್ಲಿ ಆಡಿದ ಮಾತಿಗೆ ಬೆಲೆ ಇರಬೇಕು.’

ಆ ಕಡೆ ‘ಬ್ಯಾಡ’ ಎನ್ನದೆ ಯಾರೂ ಚಹಾ ಕುಡಿಯುವುದಿಲ್ಲ. ಮೊದಲ ‘ಬ್ಯಾಡ’ ನಮಸ್ಕಾರವಿದ್ದ ಹಾಗೆ, ಎರಡನೆಯದು ಮರ್ಯಾದೆಗೆ. ಮೂರನೆಯದನ್ನು ಹೇಳುವಾಗ ಕೈ ಆಗಲೇ ಚಾಚಿರುತ್ತದೆ. ಪತ್ರಿಕೆ ಬಂದದ್ದೇ ತಡ, ಜಿಪುಣರಿಗೆಲ್ಲ ಒಂದು ಶಾಸ್ತ್ರ ಸಿಕ್ಕಿತು. ಊರಿನ ಗಂಟಲು ಒಣಗಿತು.

ಗುರುವಾರ ಬೆಳಿಗ್ಗೆ ಬಾಬಣ್ಣ ಕಲ್ಲಣ್ಣನ ಮೇಜಿನ ಮೇಲೆ ಒಂದು ಚೀಲ ಕಾಗದ ಸುರಿದರು.

“ಏಕೀಕರಣಕ್ಕ ಒಂದು ವಾರ ಉಳದೈತಿ. ನನ್ನ ಅಗ್ರಲೇಖಕ್ಕ ಒಂದು ಕಾಗದ ಬರಲಿಲ್ಲ. ನಿನ್ನ ಚಾಕ್ಕ ನಲವತ್ತೆರಡು ಬಂದಾವಲೇ!”

ಕಲ್ಲಣ್ಣ ಒಂದನ್ನು ಬಿಡಿಸಿದ. ‘ಚಂದ್ರವ್ವಾ, ನಿನ್ನ ದೆಸೆಯಿಂದ ನನ್ನ ಬೀಗರು ಒಣಬಾಯಲ್ಲಿ ಎದ್ದು ಹೋದರು. ನಿನ್ನ ಮನೆಗೂ ಬೀಗರು ಬರಲಿ, ಆಗ ತಿಳಿಯುತ್ತದೆ.’

“ಮಾತು ಹಿಂದಕ್ಕ ತಗೋ. ಮೂರು ಸಲ ಕೇಳಬೇಕಂತ ಬರಿ. ಇಲ್ಲಾಂದ್ರ ಚಂದ್ರವ್ವ ಯಾರಂತ ನಾನಽ ಅಚ್ಚು ಹಾಕ್ತೀನಿ,” ಎಂದರು ಬಾಬಣ್ಣ.

“ಅಷ್ಟು ಮಾಡಬ್ಯಾಡ್ರಿ ಅಣ್ಣಾರ! ಇವತ್ತ ಮಧ್ಯಾಹ್ನ ಮುಂಡರಗಿಯಿಂದ ಹನಮಪ್ಪ ಮಾಸ್ತರು ನನ್ನ ಮನಿ ನೋಡಾಕ ಬರ್ತಾರ.”

ಮಾಸ್ತರರ ಮಗಳು ಮಂಜವ್ವನನ್ನು ಅವನು ನೋಡಿ ಬಂದು ಎರಡು ತಿಂಗಳಾಗಿತ್ತು. ಅಂದಿನಿಂದ ಅವನ ಕಣ್ಣಿಗೆ ಕರಡಿನಲ್ಲಿ ಒಂದು ತಪ್ಪೂ ಬೀಳುತ್ತಿರಲಿಲ್ಲ. ಹಿಂದೆ ಮೂರು ಸಂಬಂಧ ಮುರಿದಿದ್ದವು. ಇದೂ ಮುರಿದರೆ ಊರಿನವರು ಅವನ ಜಾತಕವನ್ನು ಬಿಟ್ಟು ಅವನನ್ನೇ ಸಂಶಯಿಸುವುದು ಖಂಡಿತ. ಹೆಂಗಸಿನ ಹೆಸರಿನಲ್ಲಿ ಮಜ್ಜಿಗೆಯ ಬಗ್ಗೆ ಬರೆಯುವ ಅಳಿಯ ಯಾರಿಗೆ ಬೇಕು? ‘ಮೂರು ಸಲ ಕೇಳಿ. ಮೂರನೆಯ ಬೇಡವೇ ನಿಜವಾದ ಬೇಡ’ ಎಂದು ಗೀಚಿ ಕೊಟ್ಟು, ಚಹಾ ಕೂಡ ಕುಡಿಯದೆ ಮನೆಗೆ ಓಡಿದ.

ಮನೆಯಲ್ಲಿ ಒಲೆ ಅವನ ಕೈ ತಪ್ಪಿ ಹೋಗಿತ್ತು. ಪಕ್ಕದ ಮನೆಯ ಹುಚ್ಚವ್ವ, ಎದುರು ಮನೆಯ ಹಸೀನಾಬಿ ಇಬ್ಬರೂ ಅದರ ಮುಂದೆ ಕೂತಿದ್ದರು.

“ನನಗೊಂದು ಗುಟುಕು ಕೊಡ್ರಿ, ಮುಂಜಾನಿಂದ ತಲಿ ಸಿಡ್ಯಾಕ ಹತ್ತೈತಿ,” ಎಂದ ಕಲ್ಲಣ್ಣ.

“ಇರೋದಽ ಪಾವು ಹಾಲು. ಬೀಗರು ಕುಡದ ಮ್ಯಾಲ ನೀ,” ಎಂದಳು ಹುಚ್ಚವ್ವ.

“ಆ ಚಂದ್ರವ್ವ ನನ್ನ ಕೈಗೆ ಸಿಗಲಿ,” ಎಂದಳು ಹಸೀನಾಬಿ, ಸಕ್ಕರೆ ಸುರಿಯುತ್ತ. “ವಾರ ಆತು, ಯಾರ ಮನಿಯಾಗೂ ಒಂದು ಹನಿ ಚಾ ಇಲ್ಲ. ನಿನ್ನಿ ಮಗ್ಗದ ಮನ್ಯಾಗ ‘ಬ್ಯಾಡ’ ಅಂದೆ, ಆ ಮನಿಯಾಕಿ ಕಪ್ಪು ತಗೊಂಡು ಒಳಗ ಹೋದ್ಲು! ಹೊರಗ ಬರಲಽ ಇಲ್ಲ!”

ಕಲ್ಲಣ್ಣ ಮೀಸೆ ಒರೆಸಿಕೊಂಡ.

ಎರಡು ಗಂಟೆಗೆ ಹನಮಪ್ಪ ಮಾಸ್ತರು ಬಂದು ಚಾಪೆಯ ಮೇಲೆ ಕೂತರು.

“ಚಾ ತಗೋರಿ.”

“ಬ್ಯಾಡ್ರಿ.”

“ಛೆ ಛೆ, ಹಂಗಂದ್ರ ಹೆಂಗ? ಅರ್ಧ ಕಪ್ಪು?”

“ಖರೇನಽ ಬ್ಯಾಡ್ರಿ. ಹೊಟ್ಟಿಯಾಗ ಜಾಗ ಇಲ್ಲ.”

ಬಾಗಿಲ ಹಿಂದಿನಿಂದ ಹುಚ್ಚವ್ವ ಮೂರು ಬೆರಳು ತೋರಿಸಿದಳು. ಕಲ್ಲಣ್ಣ ಕಪ್ಪನ್ನು ಮಾಸ್ತರರ ಕೈಗೆ ತುರುಕಿದ. ಅವರು ದೂಡಿದರು, ಇವನು ಒತ್ತಿದ. ಕೋರ್ಟು ಖಟ್ಲೆಗೆ ಬಿದ್ದ ಅಣ್ಣತಮ್ಮಂದಿರು ಹೊಲದ ಬದುವನ್ನು ಆಚೀಚೆ ಸರಿಸುವಂತೆ ಇಬ್ಬರೂ ಕಪ್ಪನ್ನು ಸರಿಸಾಡಿದರು. ಕೊನೆಗೆ ಚಹಾ ಮಾಸ್ತರರ ಹೊಸ ಧೋತರದ ಮೇಲೆ ತುಂಗಭದ್ರೆಯಾಗಿ ಹರಿಯಿತು.

ಮಾಸ್ತರು ಎದ್ದು ನಿಂತರು. ಮುಖದಲ್ಲಿ ಸಿಟ್ಟಿರಲಿಲ್ಲ. ಅದನ್ನು ನೋಡಿಯೇ ಕಲ್ಲಣ್ಣನಿಗೆ ಹೆದರಿಕೆಯಾಯಿತು.

“ನನ್ನ ಮಗಳು ಹೇಳಿದ್ದಽ ಖರೆ ಆತು. ನಿಮ್ಮ ಪತ್ರಿಕಿಯಾಗ ಆ ಚಂದ್ರವ್ವ ಬರದದ್ದನ್ನ ಮಂಜವ್ವ ಕತ್ತರಿಸಿ ಗ್ವಾಡಿಗೆ ಹಚ್ಚ್ಯಾಳ. ‘ಅಪ್ಪಾ, ಚಾ ಬ್ಯಾಡ ಅಂದು ನೋಡು. ಬ್ಯಾಡ ಅಂದಾಗ ಬಿಡೋ ಗಂಡಸು ಬೇಕು ನನಗ. ಚಾದ ವಿಷಯದಾಗಽ ನಿನ್ನ ಮಾತು ಕೇಳದಾಂವ ನಾಳಿ ನನ್ನ ಮಾತು ಕೇಳ್ತಾನೇನು?’ ಅಂದ್ಲು. ಸುಳ್ಳು ಹೇಳೋದು ಬ್ಯಾಡಂತ ಮುಂಡರಗಿ ಸ್ಟ್ಯಾಂಡಿನ್ಯಾಗ ಎರಡು ಕಪ್ಪು ಕುಡದಽ ಬಂದೀನ್ರಿ.”

“ಮಾಸ್ತರ, ಆ ಚಂದ್ರವ್ವ ನಾನಽ!”

ಬಾಗಿಲ ಹಿಂದೆ ಒಂದು ಪಾತ್ರೆ ಬಿತ್ತು. ಕಲ್ಲಣ್ಣ ಟ್ರಂಕಿನಿಂದ ಲಕ್ಕುಂಡಿಯ ಕಾಗದವನ್ನೇ ತೆಗೆದು ತೋರಿಸಿದ. ಮಾಸ್ತರು ಅದನ್ನು ಓದಿ, ಸ್ವಲ್ಪ ಹೊತ್ತು ಅವನ ಮೀಸೆಯನ್ನು ನೋಡಿದರು.

“ಚೊಲೋ ಆತು. ಹಂಗಾದ್ರ ಬಿಡಿಸಿ ಹೇಳೋ ತ್ರಾಸ ತಪ್ಪಿತು. ಈ ಸಂಬಂಧ ಬ್ಯಾಡ್ರಿ.”

“ಮಾಸ್ತರ, ಇನ್ನೊಮ್ಮಿ ವಿಚಾರ ಮಾಡ್ರಿ...”

ಮಾಸ್ತರು ಒಂದು ಬೆರಳೆತ್ತಿ ತೋರಿಸಿದರು. ಒದ್ದೆ ಧೋತರ ಎತ್ತಿಕೊಂಡು ಬಸ್ಸಿಗೆ ಹೊರಟರು.

ಕಲ್ಲಣ್ಣ ಚಾಪೆಯ ಮೇಲೆ ಕುಸಿದ. ತಲೆ ಸಿಡಿಯುತ್ತಿತ್ತು, ಬೆಳಗಿನಿಂದ ಬಾಯಿಗೆ ಒಂದು ಹನಿ ಚಹಾ ಬಿದ್ದಿರಲಿಲ್ಲ. ಹಸೀನಾಬಿ ಒಳಗಿನಿಂದ ಉಳಿದಿದ್ದ ಒಂದೇ ಒಂದು ಕಪ್ಪು ಹಿಡಿದು ಬಂದಳು. ಶುಂಠಿಯ ವಾಸನೆಗೆ ಅವನ ಕಣ್ಣಲ್ಲಿ ನೀರು ಬಂತು.

“ಚಾ ಕುಡೀತಿಯೇನಪಾ?”

ಅವನು ಕೈ ಚಾಚುವ ಮೊದಲೇ ನಾಲಿಗೆ ತನ್ನ ಹಳೆಯ ಚಾಳಿಯಂತೆ ಹೊರಳಿಬಿಟ್ಟಿತು.

“ಬ್ಯಾಡವಾ.”

ಹಸೀನಾಬಿ ಹುಚ್ಚವ್ವನ ಮುಖ ನೋಡಿದಳು. ಇಬ್ಬರೂ ಹೊಸ್ತಿಲ ಮೇಲೆ ಕೂತು, ಅದನ್ನು ಸಮನಾಗಿ ಎರಡು ಪಾಲು ಮಾಡಿಕೊಂಡು, ಅವನಿಗೆ ಕೇಳುವ ಹಾಗೆ ಸೊರ್ರನೆ ಕುಡಿದರು.