ಮೈಯೆಲ್ಲ ಕಣ್ಣಿನ ಕಪ್ಪೆಚಿಪ್ಪುಗಳು

ಹೆಂಡತಿ ಊರಿಗೆ ಹೊರಟರೆ ಗಂಡನಿಗೆ ಸ್ವರ್ಗ ಮೂರೇ ಗೇಣು ಎಂದವನ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇದ್ದಿರಲಾರದು. ಕನ್ನಡಕದಣ್ಣನ ಮನೆಯಲ್ಲಿತ್ತು. (ಕನ್ನಡಕದಂಗಡಿ ಇಟ್ಟವನಿಗೆ ಬೀದಿಯವರು ಕೊಟ್ಟ ಬಿರುದು ಅದು, ಮನೆಯೊಳಗೆ ಅವನ ಹೆಸರು ಬರೀ 'ರೀ'.) ಆ ಗಾಜಿನ ಸಮುದ್ರಕ್ಕೆ ಮಹಾರಾಣಿ ಅವನ ಹೆಂಡತಿ. ಅವಳು ಹೊಸದಾಗಿ ತಂದು ಬಿಟ್ಟಿದ್ದ ಪ್ರಜೆಗಳು ಎರಡು ಸ್ಕ್ಯಾಲಪ್, ಅಂದರೆ ಬೀಸಣಿಗೆಯಾಕಾರದ ಕಪ್ಪೆಚಿಪ್ಪುಗಳು.

ತಾಯಿಯನ್ನು ಕರೆತರಲು ಹೊರಟವಳು ಹೊಸ್ತಿಲಲ್ಲೇ ತಿರುಗಿ ನಿಂತಳು.

"ರೀ, ಫ್ರಿಜ್ಜಲ್ಲಿ ಪಾಚಿನೀರಿನ ಬಾಟ್ಲಿ ಇದೆ. ಬೆಳಿಗ್ಗೆ, ಸಂಜೆ ಪಿಚಕಾರೀಲಿ ಅವುಗಳ ಹತ್ರ ಬಿಡಿ. ಹೊಟ್ಟೆಗಿಲ್ದೆ ಬೇಗ ಸಾಯೋ ಜಾತಿ ಅವು. ಒಂದು ಸತ್ರೂ ಸಾಕು, ನೀರು ಕೊಳೆತು ನನ್ನ ಮೀನೆಲ್ಲಾ ಹೋಗ್ತವೆ. ಆಮೇಲೆ ನಿಮ್ಮ ಗತಿ ನಿಮಗೇ ಗೊತ್ತು!"

"ಸತ್ತಿದ್ದು ಗೊತ್ತಾಗೋದು ಹೇಗೇ?"

"ಬಾಯಿ ತೆರ್ಕೊಂಡೇ ಇರುತ್ತೆ."

"ಬದುಕಿದ್ರೆ?"

"ಆಗ್ಲೂ ತೆರೆದೇ ಇರುತ್ತೆ. ಹೆದರಿದ್ರೆ ಮುಚ್ಕೊಳ್ಳುತ್ತೆ."

ಇಂಥ ವೇದಾಂತ ಹೇಳಿ ಅವಳು ಟ್ಯಾಕ್ಸಿ ಹತ್ತಿದಳು. ಕನ್ನಡಕದಣ್ಣ ಬಾಗಿಲು ಹಾಕಿಕೊಂಡ.

ತೊಟ್ಟಿಯ ಮುಂದೆ ಹೋಗಿ ಕೂತ. ಎರಡೂ ಬಾಯಿ ತೆರೆದಿದ್ದವು. ಚಿಪ್ಪಿನ ಅಂಚಿನುದ್ದಕ್ಕೂ ಸಾಸಿವೆಗಿಂತ ಸಣ್ಣ ನೀಲಿ ಕಣ್ಣುಗಳು ಸಾಲುಸಾಲಾಗಿ ಅವನನ್ನೇ ನೋಡುತ್ತಿದ್ದವು. ದಿನವಿಡೀ ಜನರ ಕಣ್ಣು ನೋಡಿ ಅನ್ನ ತಿನ್ನುವವನಿಗೆ ಕಣ್ಣೆಂದರೆ ಭಯವಾದದ್ದು ಅಂದೇ ಮೊದಲು. ಸತ್ತು ನೋಡುತ್ತಿವೆಯೋ, ಬದುಕಿ ನೋಡುತ್ತಿವೆಯೋ? ಅಂಗಡಿಯಲ್ಲಿ ಗಿರಾಕಿಯ ಕಣ್ಣಮುಂದೆ ಆಡಿಸುವಂತೆ ಗಾಜಿನ ಮುಂದೆ ಅಂಗೈ ಆಡಿಸಿದ. ಟಪ್! ಎರಡೂ ಮುಚ್ಚಿಕೊಂಡವು. ಅಬ್ಬ, ಹೋದ ಜೀವ ಬಂದಂತಾಯಿತು.

ಸ್ವಲ್ಪ ಹೊತ್ತಿಗೆ ಮತ್ತೆ ತೆರೆದವು. ಈಗ? ಆಗ ಬದುಕಿದ್ದವು ನಿಜ, ಈಗಿನ ಗ್ಯಾರಂಟಿ ಏನು? ಮತ್ತೆ ಅಂಗೈ, ಮತ್ತೆ ಟಪ್. ಅಂಗಡಿಗೆ ಬೀಗ ಬಿತ್ತು, ಸ್ನಾನ ಮರೆತುಹೋಯಿತು, ಊಟ ತೊಟ್ಟಿಯ ಮುಂದಿನ ಸ್ಟೂಲಿಗೆ ಬಂತು. ಬಾಯಿಗೆ ತುತ್ತಿಡುವ ಮುಂಚೆ ಒಂದು ಪರೀಕ್ಷೆ, ನುಂಗಿದ ಮೇಲೆ ಇನ್ನೊಂದು. ಪಿಚಕಾರಿಯಲ್ಲಿ ಬಿಟ್ಟ ಪಾಚಿನೀರು ಮಾತ್ರ ಮುಚ್ಚಿದ ಚಿಪ್ಪುಗಳ ಸುತ್ತ ಹಸಿರು ಹೊಗೆಯಾಗಿ ಸುಮ್ಮನೆ ತೇಲಿಹೋಗುತ್ತಿತ್ತು. ಹೆಂಡತಿಗೆ ಫೋನ್ ಮಾಡಿದ.

"ಏನೂ ತಿಂತಿಲ್ಲ ಕಣೇ! ಆದ್ರೆ ಜೀವ ಇದೆ. ಭಯ ಆದಾಗೆಲ್ಲ ನೋಡ್ತಾನೇ ಇದೀನಿ, ಕೈ ಆಡಿಸಿದ್ರೆ ಮುಚ್ಕೊಳ್ತವೆ."

"ಭಯ ಎಷ್ಟು ಹೊತ್ತಿಗೊಂದ್ಸಲ ಆಗುತ್ತೆ?"

"ನಡುವೆ ಬಿಡುವೇ ಇಲ್ಲ."

"ಅಯ್ಯೋ ಪುಣ್ಯಾತ್ಮ! ಬಾಯಿ ತೆರೆದಿದ್ರೆ ತಾನೇ ಅವು ತಿನ್ನೋದು? ಮುಚ್ಚಿಸಿ ಮುಚ್ಚಿಸಿ ಉಪವಾಸ ಕೆಡವಿದ್ದೀರಲ್ರೀ! ಇನ್ನು ನಿಮ್ಮ ನೆರಳೂ ಅವುಗಳ ಮೇಲೆ ಬೀಳಬಾರ್ದು!"

ತಾನು ಕಾವಲುಗಾರನಲ್ಲ, ಕಂಟಕ ಎಂದು ತಿಳಿದು ಅವನಿಗೆ ಅಳುವೇ ಬಂತು. ಆದರೆ ತೊಟ್ಟಿಯನ್ನು ದಾಟದೆ ಅಡುಗೆಮನೆಗೆ ದಾರಿಯಿಲ್ಲ, ಫ್ರಿಜ್ಜು ಅಲ್ಲಿ. ಹೀಗಾಗಿ ಕನ್ನಡಕದಣ್ಣ ಸ್ವಗೃಹದಲ್ಲಿ ಅಂಬೆಗಾಲಿಡತೊಡಗಿದ. ಕೆಳಗಿನಿಂದಲೇ ಕೈ ಮೇಲೆತ್ತಿ, ಉಸಿರು ಬಿಗಿಹಿಡಿದು ಪಾಚಿನೀರು ಬಿಡುತ್ತಿದ್ದ. ಚಿಪ್ಪುಗಳು ತಿನ್ನತೊಡಗಿದವು.

ಪಿಚಕಾರಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಹೀಗೇ ಹಾಲ್ ದಾಟುತ್ತಿದ್ದಾಗ ಬಾಗಿಲು ತೆರೆಯಿತು. ಹೆಂಡತಿ. ಅವಳ ಹಿಂದೆ ಅತ್ತೆ.

ಅತ್ತೆ ಅಳಿಯನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು. (ಹೆಚ್ಚು ದೂರವೇನೂ ಇರಲಿಲ್ಲ.) ಆಮೇಲೆ ತೊಟ್ಟಿಯ ಮುಂದೆ ಹೋಗಿ ಬಗ್ಗಿದರು. ಅವರ ನೆರಳು ಚಿಪ್ಪುಗಳ ಮೇಲೆ ಪೂರ್ತಿ ಬಿತ್ತು. ಚಿಪ್ಪುಗಳು ಮುಚ್ಚಲಿಲ್ಲ. ಅವರು ಬಳೆ ಸದ್ದಾಗುವಂತೆ ಕೈ ಬೀಸಿದರು. ಆಗಲೂ ಮುಚ್ಚಲಿಲ್ಲ.

ಕನ್ನಡಕದಣ್ಣನ ಬಾಯಿಂದ ಪಿಚಕಾರಿ ಬಿತ್ತು. ಸತ್ತವು! ಹೆಂಡತಿ ಬಂದ ಗಳಿಗೆಯಲ್ಲೇ ಸತ್ತವು! "ಅಯ್ಯೋ!" ಎಂದು ಚೀರಿ ಎದ್ದು ನಿಂತ.

ಟಪ್! ಟಪ್!

"ಮತ್ತೆ ಹೆದರಿಸಿದ್ರಾ?" ಹೆಂಡತಿ ಗುಡುಗಿದಳು.

ಅತ್ತೆಗೆ ನಗು ತಡೆಯಲಾಗಲಿಲ್ಲ. "ಅಳಿಯಂದ್ರನ್ನ ಕಂಡು ಹೆದರೋ ಜೀವಾನೂ ಲೋಕದಲ್ಲಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೇ!"

ಹೌದಲ್ಲ, ಎನ್ನಿಸಿತು ಅವನಿಗೆ. ಮದುವೆಯಾದ ಮೇಲೆ ಮೊದಲ ಬಾರಿಗೆ ಎದೆ ಒಂದಿಷ್ಟು ಉಬ್ಬಿತು.

"ಏನ್ರೀ ನಿಂತ್ಕೊಂಡು ನೋಡ್ತೀರಿ? ಅವು ಹಸಿದಿವೆ. ಬಗ್ಗಿ!" ಎಂದಳು ಹೆಂಡತಿ.

ಕನ್ನಡಕದಣ್ಣ ಬಗ್ಗಿದ.