ಏಳು ದಿನದ ವಿಶೇಷ ರಜೆ

ಅಮರೇಶನ ಕಷ್ಟಕ್ಕೆಲ್ಲ ಮೂಲ ಒಂದು ಟಿಕ್ ಗುರುತು. ಹಾಕಿದವನು ಅವನೇ. ಹಾಕಿಸಿದವನು ಅವನು ಕೆಲಸ ಮಾಡುವ ಪೀಣ್ಯದ ಗೇರ್ ಕಾರ್ಖಾನೆಯ ಗುಮಾಸ್ತ ಮುನಿಯಣ್ಣ.

ಮದುವೆಯಾಗಿ ಆರು ವರ್ಷವಾದರೂ ಅಮರೇಶ, ಸ್ಫೂರ್ತಿ ದಂಪತಿಗೆ ಮಕ್ಕಳಾಗಿರಲಿಲ್ಲ. ಯಶವಂತಪುರದ ಡಾಕ್ಟರಮ್ಮ ಪರೀಕ್ಷೆ ಮಾಡಿ, "ಅಂಡನಾಳ ಎರಡೂ ಕಟ್ಕೊಂಡಿವೆ, ಆಪರೇಷನ್ ಮಾಡಿ ಬಿಡಿಸೋಣ" ಎಂದರು. ದಿನವಿಡೀ ಕಟ್ಟಿಕೊಂಡ ಪೈಪು ಬಿಡಿಸುವ ಫಿಟ್ಟರ್ ಅಮರೇಶನಿಗೆ ಮಾತು ಚೆನ್ನಾಗಿಯೇ ಅರ್ಥವಾಯಿತು, ಆಸೆಯೂ ಚಿಗುರಿತು. ಆದರೆ ಯಾರಿಗೂ ಹೇಳಬಾರದೆಂದು ಗಂಡ ಹೆಂಡತಿ ಆಣೆ ಮಾಡಿಕೊಂಡರು. ಹೇಳಿದರೆ "ಏನಾದ್ರೂ ವಿಶೇಷಾನಾ?" ಎಂದು ತಿಂಗಳು ತಿಂಗಳು ಕೇಳುವವರ ಪಟ್ಟಿ ಹನುಮಂತನ ಬಾಲದಂತೆ ಬೆಳೆಯುತ್ತದೆ. ಕುಷ್ಟಗಿಯ ಎಸ್‌ಟಿಡಿ ಬೂತಿನಿಂದ ವಾರಕ್ಕೆರಡು ಸಲ ಅದನ್ನೇ ಕೇಳುತ್ತಿದ್ದ ತಾಯಿ ಮಹಾಂತಮ್ಮನಿಗೂ ಸೊಸೆಗೆ ಅಪೆಂಡಿಕ್ಸ್ ಎಂದೇ ಹೇಳಿ ಕರೆಸಿದ್ದಾಯಿತು.

ತೊಡಕಾದದ್ದು ರಜೆಯದು. ಆಸ್ಪತ್ರೆ ಸುತ್ತಿ ಸುತ್ತಿ ಇದ್ದಬದ್ದ ರಜೆಯೆಲ್ಲ ತೀರಿಹೋಗಿತ್ತು.

"ಹೆಂಡ್ತಿ ಆಪರೇಷನ್‌ಗೆ ಅಂತ ರಜಾ ಇಲ್ಲ ಗುರು," ಎಂದ ಮುನಿಯಣ್ಣ. ಅವನ ಮೇಜಿನ ಗಾಜಿನಡಿ ಎರಡು ವರ್ಷದ ಅವಳಿ ಹೆಣ್ಣುಮಕ್ಕಳು ನಗುತ್ತಿದ್ದರು. "ಮಕ್ಕಳು ಬೇಡ ಅಂತ ಆಪರೇಷನ್ ಮಾಡಿಸಿದ್ರೆ ಗಂಡಂಗೆ ಏಳು ದಿನ ವಿಶೇಷ ರಜಾ ಐತೆ. ಅದಕ್ಕೇ ಟಿಕ್ ಹಾಕ್ಬಿಡು."

"ನಂಗೆ ಮಕ್ಕಳೇ ಇಲ್ವಲ್ಲ?"

"ಮಕ್ಕಳೆಷ್ಟು ಅಂತ ಕೇಳೋ ಕಾಲಂ ಫಾರಂನಲ್ಲಿ ಇಲ್ಲ ಕಣೋ," ಎಂದು ಮುನಿಯಣ್ಣ ತಾನೇ ಫಾರಂ ತುಂಬಿಕೊಟ್ಟ. ಅಮರೇಶ ಟಿಕ್ ಹಾಕಿದ.

ಆ ಫಾರಂ ನೇರ ಹೋಗಿ ಬಿದ್ದದ್ದು ವೆಲ್ಫೇರ್ ಆಫೀಸರ್ ಲಕ್ಷ್ಮಣಪ್ಪನವರ ಮೇಜಿನ ಮೇಲೆ. ಅವರು ಕಾರ್ಖಾನೆಯ ಕುಟುಂಬ ಯೋಜನೆ ಸಮಿತಿಯ ಕಾರ್ಯದರ್ಶಿ. ತಿಂಗಳಿಗೊಮ್ಮೆ ಕ್ಯಾಂಟೀನಿನಲ್ಲಿ ಅವರ ಭಾಷಣವಾಗದೆ ಯಾರ ತಟ್ಟೆಗೂ ಅನ್ನ ಬೀಳುತ್ತಿರಲಿಲ್ಲ. ಅವರಿಗೇ ಮಕ್ಕಳಿರಲಿಲ್ಲವಾದ್ದರಿಂದ ಕೆಲಸಗಾರರು ಹಿಂದಿನಿಂದ ನಗುತ್ತಿದ್ದರು.

ಗುರುವಾರ ಬೆಳಿಗ್ಗೆ ಸ್ಫೂರ್ತಿಯನ್ನು ಆಪರೇಷನ್‌ಗೆ ಒಳಗೆ ಕರೆದೊಯ್ದರು. ಅಮರೇಶ ಕೈಕೈ ಹಿಸುಕಿಕೊಳ್ಳುತ್ತ ಹೊರಗೆ ತಾಯಿಯ ಪಕ್ಕ ಕೂತಿದ್ದಾಗ ಬಾಗಿಲಲ್ಲಿ ಕಂಪನಿಯ ವ್ಯಾನು ನಿಂತಿತು. ಹಾರ, ಶಾಲು, ಕ್ಯಾಮೆರಾ, ಐದಾರು ಜನ ಕೆಲಸಗಾರರ ಸಮೇತ ಲಕ್ಷ್ಮಣಪ್ಪ ಇಳಿದರು.

"ಸಾರ್, ಮೊದ್ಲು ಟೀ ಕುಡಿಯೋಣ ಬನ್ನಿ," ಎಂದು ಅಮರೇಶ ದಾರಿಗಡ್ಡ ನಿಂತ.

"ಟೀ ಆಮೇಲೆ." ಲಕ್ಷ್ಮಣಪ್ಪ ಅವನನ್ನು ಸರಿಸಿ ಮಹಾಂತಮ್ಮನಿಗೆ ಕೈಮುಗಿದರು. "ತಾಯೀ, ಸೊಸೆಗೆ ಮಕ್ಕಳಾಗದ ಹಾಗೆ ಆಪರೇಷನ್ ಆಗ್ತಿದ್ರೂ ಎಷ್ಟು ಸಮಾಧಾನವಾಗಿ ಕೂತಿದ್ದೀರಿ. ನಿಮ್ಮಂಥವರು ಮನೆಮನೆಗೂ ಬೇಕು."

ಮಹಾಂತಮ್ಮನ ಸಮಾಧಾನ ಅಲ್ಲಿಗೆ ಮುಗಿಯಿತು. ತೊಡೆಯ ಮೇಲಿದ್ದ ಎಲೆಅಡಿಕೆ ಚೀಲ ನೆಲಕ್ಕೆ ಬಿತ್ತು.

"ಮನ್ಯಾಗ ಒಂದ ಕೂಸಿಲ್ಲ ಇನ್ನಾ. ಅಪೆಂಡಿಕ್ಸ್ ಅಂದಿದ್ದೆಲ್ಲೋ ಅಮರ್ಯಾ?" ಎನ್ನುತ್ತ ಹೋಗಿ ಥಿಯೇಟರಿನ ಬಾಗಿಲು ಬಡಿಯತೊಡಗಿದಳು. ನರ್ಸು ಗದರಿದಳು. ಅಮರೇಶ ತಾಯಿಯನ್ನು ಮೆಟ್ಟಿಲ ಮರೆಗೆ ಎಳೆದೊಯ್ದು, ಆಣೆ ಮುರಿದು, ಇದ್ದದ್ದು ಇದ್ದಹಾಗೆ ಉಸುರಿದ. "ಸುಳ್ಳು ಬರದದ್ದು ಗೊತ್ತಾದ್ರ ನೌಕರಿ ಹೊಕ್ಕೈತಿ ಬೇ," ಎಂದೂ ಸೇರಿಸಿದ.

ಮಹಾಂತಮ್ಮನ ಕಣ್ಣು ತುಂಬಿ ಬಂತು. ಮಗನ ಬೆನ್ನಿಗೊಂದು ಗುದ್ದಿ, ಮುಖ ಒರೆಸಿಕೊಂಡು ವಾಪಸು ಬಂದಳು. "ಹೌದ್ರಿ ಸಾಹೇಬ್ರ, ನಮ್ಮ ಮನ್ಯಾಗ ಮಕ್ಕಳಂದ್ರ ಯಾರಿಗೂ ಆಗಂಗಿಲ್ರಿ. ಬಾಳ ಗದ್ದಲ ಮಾಡ್ತಾವು," ಎಂದಳು. ಹಾಗೆನ್ನುತ್ತಲೇ ಸೆರಗಿನ ತುದಿಗೆ ಗಂಟು ಹಾಕಿ ಮನೆದೇವರಿಗೆ ಬೆಳ್ಳಿ ತೊಟ್ಟಿಲ ಹರಕೆ ಹೊತ್ತಳು.

ಹಾರ ಬಿತ್ತು, ಫೋಟೋ ಆಯಿತು, ಕೆಲಸಗಾರರು ಟೀ ಅಂಗಡಿಗೆ ಹೋದರು. ಆಗ ಡಾಕ್ಟರಮ್ಮ ಹೊರಗೆ ಬಂದರು.

"ಅಮರೇಶ್, ಎರಡೂ ಕಡೆ ದಾರಿ ಬಿಟ್ಟಿದೆ. ಇನ್ನು ಮಗುವಿಗೆ ಆಸೆ ಇಟ್ಕೋಬಹುದು."

ಕುಣಿಯಬೇಕಾಗಿದ್ದ ಅಮರೇಶ ಹಾರದೊಳಗೇ ಬೆವರಿದ. ಲಕ್ಷ್ಮಣಪ್ಪ ಪಕ್ಕದಲ್ಲೇ ನಿಂತಿದ್ದರು. ಡಾಕ್ಟರಮ್ಮ ಅವರತ್ತ ತಿರುಗಿ ನಕ್ಕರು.

"ಓ, ಲಕ್ಷ್ಮಣಪ್ಪನವರು. ನಾಳೆ ನಿಮ್ಮ ಮನೆಯವರ ಸ್ಕ್ಯಾನಿಂಗ್ ಮರೀಬೇಡಿ. ಐದನೇ ತಿಂಗಳು."

ಡಾಕ್ಟರಮ್ಮ ಹೋದಮೇಲೆ ಲಕ್ಷ್ಮಣಪ್ಪ ದನಿ ತಗ್ಗಿಸಿದರು. "ಫಾರಂನಲ್ಲಿ ಈ ನರ್ಸಿಂಗ್ ಹೋಮ್ ಹೆಸರು ನೋಡಿದಾಗ್ಲೇ ಗೊತ್ತಾಯ್ತು ಕಣ್ರೀ. ಈ ಡಾಕ್ಟ್ರು ಬಿಡಿಸೋದಷ್ಟೇ, ಕಟ್ಟೋದಿಲ್ಲ. ಮೂರು ವರ್ಷದ ಹಿಂದೆ ನನ್ನ ಹೆಂಡ್ತಿಗೂ ಇಲ್ಲೇ ಆಯ್ತು. ನಂಗೂ ರಜಾ ಇರ್ಲಿಲ್ಲ, ನಾನೂ ಅದೇ ಟಿಕ್ ಹಾಕ್ದೆ. ಅದೇ ವಾರ ಕಾರ್ಯದರ್ಶಿ ಮಾಡ್ಬಿಟ್ರು. ಇನ್ನು ಬಸುರಿ ಹೆಂಡ್ತಿ ಇಟ್ಕೊಂಡು ಮಕ್ಕಳು ಬೇಡ ಅಂತ ಹೆಂಗೆ ಭಾಷಣ ಮಾಡ್ಲಿ? ರಜಾ ಮುಗಿಸಿ ಬನ್ನಿ. ಮುಂದಿನ ಗುರುವಾರ ಕ್ಯಾಂಟೀನಲ್ಲಿ ನೀವೇ ಮಾತಾಡ್ಬೇಕು. ಇಲ್ಲಾಂದ್ರೆ ಈ ಫಾರಂ ನಾನು ನೋಡಿಲ್ಲ ಅನ್ನೋಕಾಗಲ್ಲ."

ಹೀಗೆಂದು ಬಗಲಿನ ಚೀಲದಿಂದ ಸವೆದ ಭಾಷಣದ ನೋಟ್‌ಬುಕ್ ತೆಗೆದು ಅವನ ಕೈಗಿಟ್ಟು, ಹಗುರವಾಗಿ ವ್ಯಾನು ಹತ್ತಿದರು.

ಅಮರೇಶ ನೋಟ್‌ಬುಕ್ ತೆರೆದ. ಕೊನೆಯ ಪುಟಗಳೆಲ್ಲ ಲಕ್ಷ್ಮಣಪ್ಪನವರ ಓರೆ ಅಕ್ಷರ. ಮೊದಲ ಪುಟಗಳಲ್ಲಿ ಮಾತ್ರ ಬೇರೆ ಯಾರದೋ ದುಂಡಗಿನ ಅಕ್ಷರ. ಎಲ್ಲೋ ನೋಡಿದ ಹಾಗಿದೆಯಲ್ಲ ಎಂದುಕೊಂಡ. ಅವನ ರಜೆಯ ಫಾರಂ ತುಂಬಿದ್ದೂ ಅದೇ ಅಕ್ಷರ, ಅವಳಿ ಮಕ್ಕಳ ತಂದೆ ಮುನಿಯಣ್ಣನದು.